ನೆಲ್ಲಿಕಾಯಿ ಅಜ್ಜಿ, ಮರಟಮಾಟೆ ಅಜ್ಜಿ

“ಯಶೋಧರಾ, ಬಾರವ್ವ, ನಿಮ್ಮಜ್ಜಿ ಪಾರ್ಸೆಲ್ ಬಂದದೆ.”

ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಲೇ ಹಳದಿ ಚೀಲವೊಂದನ್ನು ಕೆಳಗೆ ಚಾಚಿದರು. ಯಶು ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದಳು. ಭಾರಕ್ಕೆ ಅವಳ ಮೊಣಕಾಲೇ ಬಗ್ಗಿತು.

“ಮತ್ತೆ ಬಂತಾ?” ಎಂದಳು ಯಶು, ಅಳುವವಳ ಹಾಗೆ.

“ಯಾಕವ್ವ ಇಂಗಂತೀಯ? ನಮ್ಮಜ್ಜಿ ಇಂಗೆ ಕಳಿಸಿದ್ರೆ ನಾನು ಟಿಕೆಟ್ ಕೊಡೋದ್ ಬುಟ್ಟು ಕುಣೀತಿದ್ದೆ,” ಎಂದು ನಕ್ಕು ಕಂಡಕ್ಟರು ವಿಷಲ್ ಊದಿದರು. ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತು.

ಯಶು ಚೀಲದ ಬಾಯಿ ಬಿಡಿಸಿ ಇಣುಕಿದಳು. ಕೋಳಿಮೊಟ್ಟೆಯ ಆಕಾರ, ಬದನೆಕಾಯಿಯ ಹೊಳಪು, ಕಡುಗೆಂಪು ಬಣ್ಣ. ಮರಟಮಾಟೆ. ಮರದಲ್ಲಿ ಬಿಡುವ ಟಮಾಟೆ ಹಣ್ಣು. ಚೀಲದ ತುಂಬಾ ಅದೇ. ಮೊನ್ನೆ ಬಂದದ್ದೇ ಇನ್ನೂ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಅಡಗಿ ಕೂತಿತ್ತು.

ಕಂಡಕ್ಟರಿಗೇನು ಗೊತ್ತು ಪಾಪ, ಈ ಹುಡುಗಿ ಎಂಥ ಪೀಕಲಾಟಕ್ಕೆ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ.

ಯಶುವಿನ ಅಮ್ಮ ಪ್ರಮೀಳಾಗೆ ಐದನೇ ತಿಂಗಳು. ಮನೆಗೆ ತಮ್ಮನೋ ತಂಗಿಯೋ ಬರುವುದಿತ್ತು. ಆದರೆ ಅಮ್ಮನಿಗೆ ಊಟವೇ ಸೇರುತ್ತಿರಲಿಲ್ಲ. ಒಗ್ಗರಣೆ ಚಟಪಟ ಅಂದರೆ ಸಾಕು, ಸೆರಗು ಬಾಯಿಗೆ ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು.

“ಬಸುರಿಗೆ ಹುಳಿ ಬೇಕನ್ಸ್ತದೆ ಕಣ್ರವ್ವ. ಬಯಕೆ ತೀರಿಸ್ದಿದ್ರೆ ಹುಟ್ಟೋ ಮಗೀನ ಕಿವಿ ಸೋರ್ತದೆ,” ಎಂದು ಅರಕೆರೆಯ ಅಜ್ಜಿ ಮಂಗಳಮ್ಮ ಅಪ್ಪಣೆ ಹೊರಡಿಸಿದಳು. ಇವಳು ಅಪ್ಪನ ಅಮ್ಮ. ಯಶು ಇರುವುದು ಇವಳ ಜೊತೆಯಲ್ಲೇ. ಹಿತ್ತಲಲ್ಲಿ ಇವಳು ಮದುವೆಯಾಗಿ ಬಂದ ವರ್ಷ ನೆಟ್ಟ ನೆಲ್ಲಿಮರ. ಕೊಂಬೆ ಅಲ್ಲಾಡಿಸಿದರೆ ಅಂಗಳವೆಲ್ಲ ನೆಲ್ಲಿಕಾಯಿ.

ಬೆಳಗೊಳದ ಅಜ್ಜಿ ಮಾದಮ್ಮ ಅಮ್ಮನ ಅಮ್ಮ. ಇವಳ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ, ಒಂದು ಮರಟಮಾಟೆ ಗಿಡ. ಕೆಂಪಣ್ಣ ಮಾವ ಊಟಿಗೆ ತರಕಾರಿ ಗಾಡಿ ಹೊಡೆದುಕೊಂಡು ಹೋದಾಗ ಗೇಣುದ್ದದ ಸಸಿ ತಂದುಕೊಟ್ಟಿದ್ದ. “ಊಟಿ ಗಿಡ ನಮ್ ಬಿಸ್ಲಿಗೆ ಬದುಕ್ತದಾ?” ಎಂದು ಬೀದಿಯವರೆಲ್ಲ ನಕ್ಕಿದ್ದರು. ಮಾದಮ್ಮಜ್ಜಿ ಅದಕ್ಕೆ ಹಳೇ ಸೀರೆಯ ಚಪ್ಪರ ಕಟ್ಟಿದಳು, ನೀರು ಹಾಕಿದಳು, ದಿನಾ ಬಯ್ದಳು, ದಿನಾ ಮುದ್ದು ಮಾಡಿದಳು. ಈಗ ಗಿಡ ಅಜ್ಜಿಗಿಂತ ಎತ್ತರ. ನಕ್ಕವರೇ ಹಣ್ಣು ಕೇಳಿಕೊಂಡು ಬರುತ್ತಿದ್ದರು.

ಆದರೆ ಈಗ ಆ ಹಣ್ಣು ಯಾರಿಗೂ ಇಲ್ಲ. ಎಲ್ಲ ಮಗಳಿಗೆ. ಮಾವ ಬೈಕಿನಲ್ಲಿ ಶ್ರೀರಂಗಪಟ್ಟಣಕ್ಕೆ ತಂದು ಅರಕೆರೆ ಬಸ್ಸಿಗೆ ಹಾಕುತ್ತಿದ್ದ. ಇಲ್ಲಿ ಇಳಿಸಿಕೊಳ್ಳುವುದು ಯಶುವಿನ ಕೆಲಸ.

ಮೊದಲ ಚೀಲ ಬಂದ ದಿನ ಅಮ್ಮ ಒಂದು ಹಣ್ಣನ್ನು ಮೂಗಿನ ಹತ್ತಿರ ಹಿಡಿದಳು. “ಬ್ಯಾಡ ಕಣೆ ಯಶು, ಹೊಟ್ಟೆ ತೊಳಸ್ತದೆ,” ಎಂದು ಅಲ್ಲೇ ಇಟ್ಟಳು.

ಸಂಜೆ ಮಾದಮ್ಮಜ್ಜಿಯ ಫೋನು ಬಂತು. “ಮಗ, ನಿಮ್ಮವ್ವ ಹಣ್ಣು ತಿಂದ್ಳಾ? ಬೆಳಿಗ್ಗೆಯಿಂದ ನಂಗೂ ಒಂದ್ ತುತ್ತು ಸೇರ್ನಿಲ್ಲ ಕಣವ್ವ, ಅದೇ ಯೋಚ್ನೆ.”

ಇಲ್ಲ ಅಂದರೆ ಅಜ್ಜಿ ರಾತ್ರಿಯೂ ಉಣ್ಣುವುದಿಲ್ಲ ಎಂದು ಯಶುವಿಗೆ ಅನ್ನಿಸಿತು.

“ತಿಂದ್ಲು ಅಜ್ಜಿ. ಚಪ್ಪರಿಸ್ಕಂಡು ತಿಂದ್ಲು.”

“ನನ್ ಬಂಗಾರ,” ಎಂದಳು ಅಜ್ಜಿ. “ನಾಳಿಕ್ಕೆ ಇನ್ನೊಂದ್ ಚೀಲ ಕಳಿಸ್ತೀನಿ.”

ಫೋನು ಕೆಳಗಿಟ್ಟು ಹಿಂದಕ್ಕೆ ತಿರುಗಿದರೆ ಮಂಗಳಮ್ಮಜ್ಜಿ ನಿಂತಿದ್ದಳು. “ನನ್ ನೆಲ್ಲಿಕಾಯಿ? ಬಟ್ಲಲ್ಲಿ ಮಡಗಿದ್ನಲ್ಲ, ತಿಂದ್ಳಾ?”

ಒಬ್ಬ ಅಜ್ಜಿಗೆ ಹೌದು ಅಂದವಳು ಇನ್ನೊಬ್ಬಳಿಗೆ ಇಲ್ಲ ಅನ್ನುವುದು ಹೇಗೆ? “ಪೂರ್ತಿ ತಿಂದ್ಲು ಅಜ್ಜಿ,” ಎಂದಳು ಯಶು. ಆ ಬಟ್ಟಲಿನ ನೆಲ್ಲಿಕಾಯಿ ಆಗ ಅವಳ ಸ್ಕೂಲ್ ಬ್ಯಾಗಿನೊಳಗೆ ಕಾಂಪಾಸ್ ಬಾಕ್ಸಿನ ಜೊತೆ ಗಲಗಲ ಅನ್ನುತ್ತಿತ್ತು.

ಮಾರನೇ ದಿನದಿಂದ ಬಟ್ಟಲು ಹೋಗಿ ಬೋಗುಣಿ ಬಂತು. ಸಣ್ಣ ಚೀಲ ಹೋಗಿ ದೊಡ್ಡ ಚೀಲ ಬಂತು. ಹಿಡಿದು ನಿಲ್ಲಿಸುವವರು ಯಾರು?

ಹಣ್ಣು ಬಚ್ಚಿಡುವುದು ಸುಲಭವಲ್ಲ. ಯಶು ಅಕ್ಕಿ ಡಬ್ಬದ ಹಿಂದೆ ಇಟ್ಟಳು, ಹಾಸಿಗೆ ಸುರುಳಿಯೊಳಗೆ ಇಟ್ಟಳು, ಅಪ್ಪನ ಹೆಲ್ಮೆಟ್ಟಿನಲ್ಲೂ ಇಟ್ಟಳು. ಲೈನ್‌ಮ್ಯಾನ್ ಕೆಲಸ ಮಾಡುವ ಅಪ್ಪ ದೇವರಾಜು ಬೆಳಿಗ್ಗೆ ಅವಸರದಲ್ಲಿ ಹೆಲ್ಮೆಟ್ ಹಾಕಿಕೊಂಡ. ತಲೆಯ ಮೇಲಿಂದ ನೆಲ್ಲಿಕಾಯಿಗಳು ಟಪಟಪ ಉದುರಿದವು. ಅಪ್ಪ ಮಗಳ ಮುಖ ನೋಡಿದ. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. “ನಾನೇನೂ ನೋಡ್ನಿಲ್ಲ,” ಎಂದು ಬೈಕು ಹತ್ತಿ ಹೊರಟೇ ಹೋದ.

ಉಳಿದದ್ದು ಸ್ಕೂಲು. ಅಲ್ಲಿ ರಾಹುಲ್ ಇದ್ದ. ಪಕ್ಕದ ಮನೆಯವನು, ಐದನೇ ಕ್ಲಾಸಿನಲ್ಲಿ ಯಶುವಿನ ಜೊತೆಯವನು. ತಿನ್ನುವುದನ್ನು ಬೇಡ ಅಂದದ್ದು ಅವನಿಗೆ ನೆನಪೇ ಇಲ್ಲ.

ಊಟದ ಬೆಲ್ಲು ಹೊಡೆದ ಮೇಲೆ ಹೊಂಗೆಮರದ ಕೆಳಗೆ ಯಶು ಟವೆಲ್ ಹಾಸಿದಳು. ಒಂದು ಕಡೆ ನೆಲ್ಲಿಕಾಯಿ, ಉಪ್ಪು, ಖಾರದಪುಡಿ. ಇನ್ನೊಂದು ಕಡೆ ಮರಟಮಾಟೆ. ಇಡೀ ಕ್ಲಾಸು ಮುತ್ತಿಕೊಂಡಿತು.

ನೆಲ್ಲಿಕಾಯಿ ಎಲ್ಲರಿಗೂ ಗೊತ್ತಿದ್ದದ್ದೇ. ಕಚ್ಚಿದರು, ಮುಖ ಹಿಂಡಿದರು, ಒಂದು ಕಣ್ಣು ಮುಚ್ಚಿಕೊಂಡರು, ಟ್ಯಾಂಕಿನ ನಲ್ಲಿಗೆ ಓಡಿ ನೀರು ಕುಡಿದರು. ನೀರು ಸಿಹಿಯಾಯಿತು ಎಂದು ಮತ್ತೆ ಓಡಿ ಬಂದರು.

ಮರಟಮಾಟೆ ಯಾರೂ ತಿಂದಿರಲಿಲ್ಲ. ರಾಹುಲ್ ನೆಲ್ಲಿಕಾಯಿ ಕಚ್ಚುವ ಹಾಗೇ ಸಿಪ್ಪೆ ಸಮೇತ ಕಚ್ಚಿದ.

“ಥೂ, ಕಹಿ ಕಣೆ. ನಿಮ್ಮಜ್ಜಿ ನಮ್ಮೇಲೇನ್ ಕೋಪ?”

“ಸಿಪ್ಪೆ ತಿಂತಾರೇನ್ಲಾ ಪೆದ್ದ? ಬಾಳೆಹಣ್ಣು ಸಿಪ್ಪೆ ತಿಂತೀಯ?” ಎಂದಳು ಯಶು. ಅದು ಅವಳಿಗೂ ಆಗಷ್ಟೇ ನೆನಪಾದದ್ದು, ಬೆಳಗೊಳದಲ್ಲಿ ಅಜ್ಜಿಯೇ ಸುಲಿದು ಕೊಡುತ್ತಿದ್ದಳು. ಹಣ್ಣನ್ನು ಸ್ಕೇಲಿನಿಂದ ಎರಡು ಹೋಳು ಮಾಡಿ ಕೊಟ್ಟಳು. ಒಳಗೆ ಕೆಂಪು ತಿರುಳು, ಕಪ್ಪು ಬೀಜ. ರಾಹುಲ್ ಬಾಯಿಗಿಟ್ಟು ಹಿಂಡಿಕೊಂಡ. ಅವನ ಹುಬ್ಬು ಎರಡೂ ಮೇಲಕ್ಕೆ ಹೋದವು.

“ಲೇ, ಸೂಪರ್. ಹುಳಿನೂ ಅದೆ, ಸಿಹಿನೂ ಅದೆ. ಟಮಾಟೆ ಅಂಗೂ ಅದೆ, ಟಮಾಟೆ ಅಲ್ವೇ ಅಲ್ಲ.”

ಅಷ್ಟೇ, ಕ್ಲಾಸು ಎರಡು ಪಾರ್ಟಿ ಆಯಿತು.

“ನೆಲ್ಲಿಕಾಯೇ ಫಸ್ಟು. ಜೇಬಲ್ಲಿ ಹಾಕ್ಕಂಡು ಓಡ್ಬೋದು. ಬಿದ್ರೂ ಒಡ್ಯಲ್ಲ.”

“ಮರಟಮಾಟೆಗೆ ನೀರಿಗ್ ಓಡೋ ಕೆಲ್ಸಾನೇ ಇಲ್ಲ. ನೀರೂ ಅದ್ರಲ್ಲೇ ಅದೆ.”

“ನೆಲ್ಲಿಕಾಯಿ ಬೀಜದಲ್ಲಿ ಗೋಲಿ ಆಡ್ಬೋದು.”

“ಮರಟಮಾಟೆ ಬೀಜ ನುಂಗ್ಬೋದು. ಉಗಿಯೋದು ಉಳೀತದೆ.”

“ನೆಲ್ಲಿಕಾಯಿ ಮೊದ್ಲು ಬಯ್ತದೆ, ಆಮೇಲ್ ಮುದ್ದು ಮಾಡ್ತದೆ,” ಎಂದ ರಾಹುಲ್, ಎರಡು ಪಾರ್ಟಿಯಲ್ಲೂ ನಿಂತು ಎರಡನ್ನೂ ತಿನ್ನುತ್ತಾ. “ಮರಟಮಾಟೆ ಅಂಗಿ ಬಿಚ್ಚೋಗಂಟ ಜಗಳ, ಆಮೇಲ್ ಫ್ರೆಂಡು.”

ಹೀಗೆ ಭಾಷಣ ಮಾಡುತ್ತಾ ಅವನು ಒಂದು ದೊಡ್ಡ ಹೋಳನ್ನು ಜೋರಾಗಿ ಹಿಂಡಿದ. ರಸ ಚಿಮ್ಮಿ ಅವನ ಬಿಳಿ ಶರಟಿನ ಎದೆಯ ಮೇಲೆಲ್ಲ ಇಳಿಯಿತು. ಗಲ್ಲ ಕೆಂಪು, ಕೈ ಕೆಂಪು, ಕಾಲರ್ ಕೆಂಪು.

ಅದೇ ಹೊತ್ತಿಗೆ ಚಂದ್ರಕಲ ಮಿಸ್ ಆ ಕಡೆ ಬಂದರು. ಅವರ ಕೈಯಲ್ಲಿದ್ದ ಚಾಕ್‌ಪೀಸ್ ಡಬ್ಬಿ ಕೆಳಗೆ ಬಿತ್ತು.

“ಅಯ್ಯೋ ದೇವರೇ. ಯಾರು ಹೊಡೆದ್ರು ಇವನಿಗೆ? ಹಲ್ಲು ಬಿತ್ತಾ? ಹತ್ತಿ ತನ್ನಿ, ನೀರು ತನ್ನಿ.”

ರಾಹುಲ್ ಏನು ಕಡಿಮೆಯೇ? ಮಿಸ್ ಅಷ್ಟು ಗಾಬರಿಯಾದದ್ದು ನೋಡಿ ಖುಷಿಯಾಗಿ ಟವೆಲಿನ ಮೇಲೆ ಅಂಗಾತ ಮಲಗಿಬಿಟ್ಟ. ಕಣ್ಣು ಮುಚ್ಚಿದ. ನಾಲಿಗೆ ಮಾತ್ರ ಮೆಲ್ಲಗೆ ಹೊರಗೆ ಬಂದು ಗಲ್ಲದ ಮೇಲಿನ ರಸ ನೆಕ್ಕಿ ಒಳಗೆ ಹೋಯಿತು.

ಮಿಸ್ ಅದನ್ನು ನೋಡಿದರು. ಅವನ ಕಿವಿ ಹಿಡಿದು ಎಬ್ಬಿಸಿದರು. ಆಮೇಲೆ ವಿಚಾರಣೆಗೆಂದು ಒಂದು ಹಣ್ಣನ್ನು ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋದರು. ಕಿಟಕಿಯಿಂದ ಇಣುಕಿದವರು ಹೇಳಿದ ಪ್ರಕಾರ ಮಿಸ್ ಅರ್ಧ ಹಣ್ಣು ತಿಂದು, ಆ ಕಡೆ ಈ ಕಡೆ ನೋಡಿ, ಇನ್ನರ್ಧವನ್ನೂ ತಿಂದರು.

ಯಶು ಮನೆಗೆ ಕುಣಿಯುತ್ತಾ ಬಂದಳು. ಹಣ್ಣು ಖರ್ಚಾಗುವ ದಾರಿ ಸಿಕ್ಕಿತ್ತು. ಇನ್ನು ಯಾವ ಅಜ್ಜಿಗೂ ಬೇಸರವಿಲ್ಲ.

ಆದರೆ ಆ ಸಂಜೆ ಫೋನಿನಲ್ಲಿ ಇಬ್ಬರು ಅಜ್ಜಿಯರೂ ನೇರವಾಗಿ ಮಾತಿಗೆ ಕೂತರು. ಅಪ್ಪ ಸ್ಪೀಕರ್ ಹಾಕಿ, ತಾನು ದೂರ ಹೋಗಿ ನಿಂತ.

“ಪ್ರಮೀಳನ್ನ ಈಗ್ಲೇ ಬೆಳಗೊಳಕ್ಕೆ ಕರ್ಕಬತ್ತೀನಿ ಬೀಗ್ತಿ,” ಎಂದಳು ಮಾದಮ್ಮಜ್ಜಿ. “ಬಾಣಂತನ ಮುಗಿಸ್ಕಂಡೇ ಕಳಿಸ್ತೀನಿ. ನನ್ ಹಣ್ಣು ಅವಳ ಬಾಯಿಗೆ ಹಿಡಿಸ್ತಾ ಅದೆ.”

“ಮೊದಲ್ನೇದು ನೀವ್ ಮಾಡಿದ್ರಿ. ಇದು ನನ್ ಪಾಲಿಂದು,” ಎಂದಳು ಮಂಗಳಮ್ಮಜ್ಜಿ. “ನನ್ ನೆಲ್ಲಿಕಾಯಿ ತಿಂದ್ಕಂಡೇ ಅವ್ಳು ಎದ್ದು ಓಡಾಡ್ತಿರೋದು.”

“ನೆಲ್ಲಿಕಾಯಿ ಕಲ್ಲು. ಬಸುರಿ ಹಲ್ಲು ಜುಮ್ಮನ್ನಲ್ವಾ?”

“ನಿಮ್ದೇನು, ತೊಗಲು ಸುಲೀಬೇಕು. ಸುಲಿಯೋ ಹೊತ್ಗೆ ಬಯಕೆನೇ ಹೊಂಟೋಯ್ತದೆ.”

“ನನ್ ಹಣ್ಣು ಸುಟ್ಟು ಗೊಜ್ಜು ಮಾಡಿದ್ರೆ ಒಂದ್ ಮುದ್ದೆ ಜಾಸ್ತಿ ಇಳೀತದೆ.”

“ನನ್ ಕಾಯಿ ಉಪ್ಪುನೀರಲ್ಲಿ ಹಾಕಿದ್ರೆ ವರ್ಷ ಇರ್ತದೆ. ನಿಮ್ದು ಎಲ್ಡ್ ದಿನಕ್ಕೆ ಮುಖ ಬಾಡಿಸ್ತದೆ.”

ಮಾತಿಗೆ ಮಾತು ಬೆಳೆಯಿತು. ಕಡೆಗೆ ಮಂಗಳಮ್ಮಜ್ಜಿಯೇ ತೀರ್ಪು ಕೊಟ್ಟಳು. “ಬಸುರಿ ಬಾಯಿ ಯಾವ್ ಮನೆ ಹಣ್ ಕೇಳ್ತದೋ ಆ ಮನೇಲೇ ಬಾಣಂತನ. ಒಪ್ಪಿದ್ರಾ?”

“ಒಪ್ಪಿದೆ. ಭಾನುವಾರ ಬತ್ತೀನಿ. ಪ್ರಮೀಳ ಇಬ್ರ ಮುಂದೆ ಬಾಯ್ಬುಡಲ್ಲ, ಕೂಸು ಯಶುನೇ ಹೇಳ್ಲಿ. ಅದು ಸುಳ್ಳೇಳಲ್ಲ.”

ಬಾಗಿಲ ಸಂದಿಯಲ್ಲಿ ನಿಂತಿದ್ದ ಯಶು ಇದನ್ನೆಲ್ಲ ಕೇಳಿಸಿಕೊಂಡಳು.

ಬೆಳಗೊಳಕ್ಕೆ ಅಂದರೆ ಅಮ್ಮ ಮಾತ್ರ. ಯಶುವಿಗೆ ಸ್ಕೂಲು ಇದೆ. ಅವಳು ಇಲ್ಲೇ ಇರಬೇಕು. ಬೆಳಿಗ್ಗೆ ಜಡೆ ಹಾಕುವಾಗ ಅಮ್ಮ ಇಲ್ಲ, ಸ್ಕೂಲಿಂದ ಬಂದಾಗ ಅಮ್ಮ ಇಲ್ಲ. ವಾಪಸ್ಸು ಬರುವಾಗ ಅಮ್ಮನ ಮಡಿಲಲ್ಲಿ ಬೇರೆ ಯಾರೋ. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಇಷ್ಟು ದೊಡ್ಡ ಹುಡುಗಿ ಹೀಗೆ ಅಂದರೆ ನಗುವುದಿಲ್ಲವೇ?

ಶನಿವಾರ ಅವಳು ರಾಹುಲ್‌ನ ಮುಂದೆ ಪ್ರಾಕ್ಟೀಸ್ ಮಾಡಿದಳು.

“ನಾನು ಬೆಳಗೊಳದ ಅಜ್ಜಿ ಕಣೆ,” ಎಂದು ರಾಹುಲ್ ತಲೆಗೆ ಟವೆಲ್ ಹೊದ್ದು ಕೂತ. “ಹೇಳು ಕೂಸೆ, ನಿಮ್ಮವ್ವಂಗೆ ಯಾವ್ದಿಷ್ಟ?”

“ನೆಲ್ಲಿಕಾಯಿ,” ಎಂದಳು ಯಶು.

“ಅಯ್ಯೋ, ನನ್ ಮರಟಮಾಟೆ ಬುಟ್ಬುಟ್ಯಾ ತಾಯಿ,” ಎಂದು ರಾಹುಲ್ ಎದೆ ಬಡಿದುಕೊಂಡು ಉರುಳಾಡಿದ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗು ನಿಂತ ಮೇಲೆ ಯಶುವಿಗೆ ಅಳುವೇ ಬಂತು. ನಿಜವಾದ ಅಜ್ಜಿ ಉರುಳಾಡುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾಳೆ. ಅದೇ ಕಷ್ಟ.

ಭಾನುವಾರ ಬಿಸಿಲೇರುವ ಹೊತ್ತಿಗೆ ಮಾದಮ್ಮಜ್ಜಿ ಬಂದೇಬಿಟ್ಟಳು. ಕಂಕುಳಲ್ಲಿ ಹಿಂದೆಂದೂ ತರದಷ್ಟು ದೊಡ್ಡ ಚೀಲ. ಮೇಲ್ಗಡೆ ಮರಟಮಾಟೆ ಇಣುಕುತ್ತಿತ್ತು. ಮಂಗಳಮ್ಮಜ್ಜಿಯೂ ಸುಮ್ಮನಿರಲಿಲ್ಲ. ಬೆಳಿಗ್ಗೆಯೇ ಮರ ಅಲ್ಲಾಡಿಸಿ ಮೊರದ ತುಂಬ ನೆಲ್ಲಿಕಾಯಿ ಆರಿಸಿ ಜಗಲಿಯ ಮೇಲೆ ಇಟ್ಟಿದ್ದಳು.

ಜಗಲಿಯ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು. ನಡುವೆ ಅಮ್ಮ, ಗೋಡೆಗೆ ಒರಗಿಕೊಂಡು. ಅಪ್ಪ ಕಂಬದ ಹಿಂದೆ. ಎಲ್ಲರ ಮುಂದೆ ಯಶು.

“ಹೇಳವ್ವ,” ಎಂದಳು ಮಂಗಳಮ್ಮಜ್ಜಿ. “ನಿಮ್ಮವ್ವ ಯಾವ್ದುನ್ನ ಆಸೆಪಟ್ಟು ತಿಂದ್ಲು?”

“ಎದ್ರುಕಬ್ಯಾಡ ಬಂಗಾರ, ಇದ್ದಿದ್ ಇದ್ದಂಗೆ ಹೇಳು,” ಎಂದಳು ಮಾದಮ್ಮಜ್ಜಿ.

ಯಶು ಬಾಯಿ ತೆರೆದಳು. ನೆ ಅನ್ನುವ ಅಕ್ಷರ ನಾಲಿಗೆಯ ತುದಿಗೆ ಬಂದು ಕೂತಿತು. ಮಾದಮ್ಮಜ್ಜಿ ನಗುನಗುತ್ತಾ ಅವಳನ್ನೇ ನೋಡುತ್ತಿದ್ದಳು. ಅಕ್ಷರ ಹಿಂದಕ್ಕೆ ಹೋಯಿತು. ಮತ್ತೆ ಬಾಯಿ ತೆರೆದಳು.

ಅಷ್ಟರಲ್ಲಿ ಅಂಗಳದ ಗೋಡೆಯ ಆಚೆಯಿಂದ ಒಂದು ತಲೆ ಮೇಲೆ ಬಂತು.

“ಯಶು, ನೆನ್ನೆ ಕೊಟ್ಟಿದ್ದೆಲ್ಲ ಮುಗುದೋಯ್ತು ಕಣೆ,” ಎಂದ ರಾಹುಲ್. “ಇನ್ನೊಸಿ ಮರಟಮಾಟೆ ಕೊಡು. ನೆಲ್ಲಿಕಾಯಿನೂ ಇದ್ರೆ ಹಾಕು. ನಾಳೆ ಮಿಸ್ಸಿಗೂ ಬೇಕಂತೆ.”

ಇಬ್ಬರು ಅಜ್ಜಿಯರ ಕತ್ತೂ ಗೋಡೆಯ ಕಡೆ ತಿರುಗಿತು.

“ಏನ್ಲಾ ಅಂದೆ?” ಎಂದಳು ಮಂಗಳಮ್ಮಜ್ಜಿ.

“ಏನಿಲ್ಲ ಅಜ್ಜಿ. ನಮ್ ಕ್ಲಾಸಲ್ಲಿ ಈಗ ಮರಟಮಾಟೆ ಪಾರ್ಟಿನೇ ಲೀಡಿಂಗು,” ಎಂದ ರಾಹುಲ್. ಆಮೇಲೆ ಎಲ್ಲರ ಮುಖ ನೋಡಿದ. ತಲೆ ಮೆಲ್ಲಗೆ ಗೋಡೆಯ ಆಚೆಗೆ ಇಳಿದು ಹೋಯಿತು.

ಇಬ್ಬರು ಅಜ್ಜಿಯರೂ ಒಟ್ಟಿಗೆ ಯಶುವಿನ ಕಡೆ ತಿರುಗಿದರು. ಈ ಒಂದು ವಿಷಯದಲ್ಲಿ ಅವರಿಬ್ಬರಿಗೂ ಜಗಳವಿರಲಿಲ್ಲ.

“ಅಂದ್ರೆ ಪ್ರಮೀಳ ತಿಂದೇ ಇಲ್ವಾ?”

“ದಿನಾ ತಿಂದ್ಲು ತಿಂದ್ಲು ಅಂತಿದ್ದೆ?”

“ಯಾಕವ್ವ ಸುಳ್ಳೇಳ್ದೆ?”

ಯಶು ಅಳು ತಡೆದಳು, ತಡೆದಳು, ಆಗಲಿಲ್ಲ.

“ಇಲ್ಲ ಅಂದ್ರೆ ನೀವು ಊಟ ಬುಡ್ತೀರಿ,” ಎಂದು ಅತ್ತಳು. “ಒಬ್ರುದ್ ಹೇಳಿದ್ರೆ ಇನ್ನೊಬ್ರು ಬೇಜಾರು ಮಾಡ್ಕತೀರಿ. ಬೆಳಗೊಳದಜ್ಜಿ ಗೆದ್ರೆ ಅಮ್ಮ ಹೊಂಟೋಯ್ತಾಳೆ. ನಾನೊಬ್ಳೇ ಇಲ್ಲಿರ್ಬೇಕು. ನಂಗೆ ಅಮ್ಮ ಬೇಕು.”

ಹೇಳಿ ಮುಗಿಸಿ ಫ್ರಾಕಿನ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ಯಾರೂ ನಗಲಿಲ್ಲ.

ಆಮೇಲೆ ಒಬ್ಬರು ನಕ್ಕರು. ಅಮ್ಮ. ಮೊದಲು ಸೆರಗಿನೊಳಗೆ, ಆಮೇಲೆ ಜೋರಾಗಿ. ಎಷ್ಟೋ ದಿನದಿಂದ ಬಾಡಿಕೊಂಡಿದ್ದವಳಿಗೆ ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಯಶುವನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ತಬ್ಬಿದಳು.

“ಇವಳನ್ನ ಯಾಕ್ ಬಯ್ತೀರಿ? ನಾನೂ ಅಂಗೇ ಹೇಳಿವ್ನಿ,” ಎಂದಳು ಅಮ್ಮ. “ಅವ್ವ, ನೀನು ಫೋನಲ್ಲಿ ಕೇಳ್ದಾಗೆಲ್ಲ ಚೆನ್ನಾಗದೆ ಅಂದೆ. ಅತ್ತೆ, ನಿಮ್ಮತ್ರನೂ ಅಂದೆ. ಯಾವ್ದೂ ಬಾಯಿಗ್ ಇಟ್ಟಿಲ್ಲ.”

“ಮತ್ತೇನ್ ಬೇಕು ನಿಂಗೆ?” ಎಂದಳು ಮಂಗಳಮ್ಮಜ್ಜಿ.

“ಸುಟ್ಟ ಹಪ್ಪಳ, ಮಜ್ಜಿಗೆ ಅನ್ನ. ಯಾರೂ ಕೇಳ್ನೇ ಇಲ್ಲ.”

ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ದಿನದ ಚೀಲವೇನು, ಬೋಗುಣಿಯೇನು, ಫೋನೇನು, ಪಂಚಾಯಿತಿಯೇನು. ಪೆಚ್ಚಾದರು ಅಂದರೆ ಪೆಚ್ಚಾದರು. ಕಂಬದ ಹಿಂದಿನಿಂದ ಅಪ್ಪನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

ಮಂಗಳಮ್ಮಜ್ಜಿ ಸೊಂಟ ಹಿಡಿದುಕೊಂಡು ಎದ್ದು ಒಲೆ ಹಚ್ಚಿದಳು. ಮಾದಮ್ಮಜ್ಜಿ ಕೆಂಡ ಮುಂದಕ್ಕೆಳೆದು ಹಪ್ಪಳ ಸುಟ್ಟಳು. ಅಮ್ಮ ಮಜ್ಜಿಗೆ ಅನ್ನಕ್ಕೆ ಹಪ್ಪಳ ಮುರಿದುಕೊಂಡು ಒಂದು ತಟ್ಟೆ ಉಂಡಳು, ಇನ್ನೂ ಒಂದಿಷ್ಟು ಹಾಕಿಸಿಕೊಂಡಳು. ಬಚ್ಚಲಿಗೆ ಓಡಲಿಲ್ಲ. ಇಬ್ಬರು ಅಜ್ಜಿಯರೂ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು, ಟಿವಿ ನೋಡುವವರ ಹಾಗೆ.

ನೋಡುತ್ತಾ ನೋಡುತ್ತಾ ಮಂಗಳಮ್ಮಜ್ಜಿ ಒಂದು ಮರಟಮಾಟೆಯನ್ನು ಅದೇ ಕೆಂಡಕ್ಕೆ ತಳ್ಳಿದಳು. ಸಿಪ್ಪೆ ಸುಲಿದು, ಉಪ್ಪು ಉದುರಿಸಿ ಬಾಯಿಗಿಟ್ಟಳು. ಬೆರಳೂ ನೆಕ್ಕಿಕೊಂಡಳು.

“ಹಲ್ಲಿಲ್ದೋರ್ಗೆ ಪರ್ವಾಗಿಲ್ಲ,” ಎಂದು ಇನ್ನೊಂದನ್ನು ಕೆಂಡಕ್ಕೆ ಹಾಕಿದಳು.

ಮಾದಮ್ಮಜ್ಜಿಯೂ ಮೊರದಿಂದ ನೆಲ್ಲಿಕಾಯಿ ತೆಗೆದು ಕಚ್ಚಿ, ನೀರು ಕುಡಿದು, ತುಟಿ ಸವರಿಕೊಂಡಳು. “ನಮ್ ಡಾಕ್ಟ್ರು ಇದ್ನೇ ದಿನಾ ತಿನ್ನಿ ಅಂತಿದ್ರು. ಬೀಗರತ್ರ ಎಂಗ್ ಕೇಳದು ಅಂತ ಸುಮ್ಕಿದ್ದೆ.”

ಊಟವಾಯಿತು. ಮಾದಮ್ಮಜ್ಜಿ ಸೆರಗು ಸರಿಮಾಡಿಕೊಂಡಳು.

“ಮೂರ್ ಗಂಟೆ ಬಸ್ಸಿಗ್ ಹೊಂಡ್ತೀನಿ. ಪ್ರಮೀಳ ಇಲ್ಲೇ ಇರ್ಲಿ, ಮಗೀನ ಅಳಿಸ್ಬ್ಯಾಡಿ.”

“ಬೆಳಿಗ್ಗೆ ಹೋದ್ರಾಯ್ತು ಬುಡವ್ವ,” ಎಂದಳು ಅಮ್ಮ.

“ಇದು ನಿನ್ ಅತ್ತೆ ಮನೆ ಕಣವ್ವ. ಬೀಗರ್ ಮನೇಲಿ ಯಜಮಾನ್ರು ಇರಿ ಅನ್ನದೆ ಉಳ್ಕಳಕಾಯ್ತದಾ? ನೋಡಿದೋರು ಏನಂತಾರೆ.”

ಮಂಗಳಮ್ಮಜ್ಜಿ ಬೂದಿಯಲ್ಲಿ ಹಣ್ಣು ಹುಡುಕುತ್ತಿದ್ದಳು. “ಬರೀ ಚೀಲ ವಾಪಸ್ ಕಳಿಸ್ಬಾರ್ದು. ಯಶು, ಅವ್ರ ಚೀಲ ಖಾಲಿ ಮಾಡಿ ನೆಲ್ಲಿಕಾಯಿ ತುಂಬ್ಕೊಡು,” ಎಂದಳು.

ಯಶು ಚೀಲವನ್ನು ನಡುಮನೆಗೆ ಎಳೆದುಕೊಂಡು ಹೋದಳು. ಮರಟಮಾಟೆಗಳನ್ನು ತೆಗೆದು ಕುಕ್ಕೆಗೆ ಹಾಕಿದಳು. ಹಣ್ಣು ಬೇಗ ಮುಗಿಯಿತು. ಮೇಲೆ ಒಂದು ಪದರ ಇತ್ತಷ್ಟೇ. ಆದರೂ ಚೀಲ ದಪ್ಪಗೇ ಇತ್ತು.

ಕೈ ಹಾಕಿದಳು. ಮಡಚಿದ ಸೀರೆಗಳು ಬಂದವು. ಊರಿಗೆ ಹೋಗುವಾಗ ಉಡುವ ಸೀರೆಯಲ್ಲ, ಮನೆಯಲ್ಲಿ ಉಡುವ ಮೆತ್ತನೆಯ ಸೀರೆಗಳು. ಬಾಚಣಿಗೆ. ಶುಗರ್ ಮಾತ್ರೆ, ಒಂದು ತಿಂಗಳಿಗೆ ಸಾಕಾಗುವಷ್ಟು. ಎಲ್ಲದರ ಅಡಿಯಲ್ಲಿ ಹಳೇ ಬಟ್ಟೆಯ ಚೌಕ ತುಂಡುಗಳು. ಕೂಸಿಗೆ ಹಾಸಲು, ಅಂಚು ಮಡಚಿ ಕೈಯಲ್ಲೇ ಹೊಲಿದದ್ದು.

ಅಮ್ಮನನ್ನು ಕರೆದುಕೊಂಡು ಹೋಗಲು ಬಂದ ಅಜ್ಜಿ ಇದನ್ನೆಲ್ಲ ಯಾಕೆ ತಂದಳು? ಯಶು ಸೀರೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

ಹೊರಗಿನಿಂದ ಮಾದಮ್ಮಜ್ಜಿಯ ದನಿ ಕೇಳಿಸಿತು. “ಬಸ್ಸಿಗ್ ಟೈಮಾಯ್ತು ಅನ್ಸ್ತದೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಟೈಮಾಯ್ತೇನೋ ಅಲ್ವಾ?” ಯಾರೋ ಏನೋ ಹೇಳಲಿ ಎಂದು ಕಾಯುವ ದನಿ ಅದು. ಇಷ್ಟು ಹೊತ್ತೂ ಅಜ್ಜಿ ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ಯಶುವಿಗೆ ಈಗ ಕೇಳಿಸಿತು.

ತಾನೂ ಹಾಗೇ ಅಲ್ಲವೇ? ಅಮ್ಮ ಹೋಗುವುದು ಬೇಡ ಅನ್ನುವ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿಕೊಂಡು ತಿರುಗಿದ್ದಳು.

ಅವಳು ಎದ್ದಳು. ಗೋಡೆಯಿಂದ ಗೋಡೆಗೆ ಕಟ್ಟಿದ್ದ ಹಗ್ಗದ ಮೇಲೆ ಮಂಗಳಮ್ಮಜ್ಜಿಯ ಸೀರೆಗಳಿದ್ದವು. ತುದಿಗಾಲಲ್ಲಿ ನಿಂತು ಮಾದಮ್ಮಜ್ಜಿಯ ಸೀರೆಗಳನ್ನೂ ಅಲ್ಲೇ ಎಸೆದಳು. ಒಂದು ನೆಟ್ಟಗೆ ಬಿತ್ತು, ಇನ್ನೊಂದು ಮಂಗಳಮ್ಮಜ್ಜಿಯ ಸೀರೆಯ ಮೇಲೆ ಮುದ್ದೆಯಾಗಿ ಕೂತಿತು. ಖಾಲಿ ಚೀಲ ಹಿಡಿದುಕೊಂಡು ಹೊರಗೆ ಬಂದಳು.

“ನಿನ್ ಸೀರೆ ಹಗ್ಗದ್ ಮೇಲೆ ಹಾಕಿವ್ನಿ ಅಜ್ಜಿ,” ಎಂದಳು. “ನೀನು ಇಲ್ಲೇ ಇರು.”

ಮಾದಮ್ಮಜ್ಜಿ ಸರಿಯಾಗಿಯೇ ಇದ್ದ ಸೆರಗನ್ನು ಮತ್ತೆ ಸರಿಮಾಡಿಕೊಂಡಳು. ಮೆಲ್ಲಗೆ ಮಂಗಳಮ್ಮಜ್ಜಿಯ ಕಡೆ ನೋಡಿದಳು. ಅಮ್ಮನೂ ಅಲ್ಲೇ ನೋಡಿದಳು. ಕಂಬದ ಹಿಂದಿನಿಂದ ಅಪ್ಪನೂ ಇಣುಕಿದ.

ಮಂಗಳಮ್ಮಜ್ಜಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬಿಸಿ ಹಣ್ಣನ್ನು ಉಫ್ ಉಫ್ ಎಂದು ಊದುತ್ತಾ ಹೇಳಿದಳು.

“ನನ್ ಸೀರೆ ಮ್ಯಾಲೇ ಹಾಕಿದ್ದೀಯಾ? ಪಕ್ಕುಕ್ಕೆ ಸರಿಸು. ಬೆಳಿಗ್ಗೆ ಎದ್ದು ಯಾವ್ದು ಯಾರ್ದು ಅಂತ ಇಬ್ರೂ ಹುಡುಕ್ತಾ ಕೂರ್ಬೇಕು.”

ಯಶು ಒಳಗೆ ಹೋಗಿ ಸ್ಟೂಲು ಹತ್ತಿ ಸೀರೆಗಳನ್ನು ಪಕ್ಕಪಕ್ಕಕ್ಕೆ ಸರಿಸಿದಳು. ಹೊರಗೆ ಆಗಲೇ ಮತ್ತೆ ಶುರುವಾಗಿತ್ತು. ರಾತ್ರಿಗೆ ಮರಟಮಾಟೆ ಗೊಜ್ಜಿಗೆ ಬೆಳ್ಳುಳ್ಳಿ ಬೇಕು ಎಂದು ಒಬ್ಬಳು, ಬೇಡವೇ ಬೇಡ ಎಂದು ಇನ್ನೊಬ್ಬಳು. ಯಶು ಸ್ಟೂಲಿನ ಮೇಲೇ ನಿಂತು ಕೇಳಿಸಿಕೊಂಡಳು. ಈ ಸಲ ಸಾಕ್ಷಿ ಹೇಳಲು ಅವಳನ್ನು ಯಾರೂ ಕರೆಯಲಿಲ್ಲ.